ರಕ್ತದೊತ್ತಡದ ದಫ್ತರ

ಜ್ವರ ಬಂದವನ ಹಣೆಯನ್ನು ಮುಟ್ಟಿದರೆ ತಿಳಿಯುತ್ತದೆ. ಕಾಮಾಲೆಯಾದವನ ಕಣ್ಣನ್ನು ನೋಡಿದರೆ ತಿಳಿಯುತ್ತದೆ. ಆದರೆ ರಕ್ತದ ಒತ್ತಡವು ಮಿತಿಮೀರಿದವನನ್ನು ನೋಡಿ, ಮುಟ್ಟಿ, ಮಾತನಾಡಿಸಿ ಯಾರೂ ಗುರುತಿಸಲಾರರು. ಬಹುತರವಾಗಿ ಅವನಿಗೇ ಅದರ ಅರಿವಿರುವುದಿಲ್ಲ. ಆತನು ಹೊಲಕ್ಕೆ ಹೋಗುತ್ತಾನೆ, ಮಗ್ಗದ ಮುಂದೆ ಕೂಡುತ್ತಾನೆ, ಸಂತೆ ಮಾಡಿಕೊಂಡು ಬರುತ್ತಾನೆ. ಹೀಗೆ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ ಒಂದು ದಿನ ಬೆಳಗಿನ ಜಾವದಲ್ಲಿ ಬಾಯಿ ಸೊಟ್ಟಗಾಗಿ ಒಂದು ಮಗ್ಗುಲು ಬಿದ್ದುಹೋದಾಗ, ಮನೆಯವರು ‘ಲಕ್ವಾ ಹೊಡೆಯಿತು’ ಎಂದು ಅಳುತ್ತಾರೆ. ಸೊಲ್ಲಾಪುರದ ಗಿರಣಿ ಚಾಳುಗಳಲ್ಲಿಯಾಗಲಿ ಅಕ್ಕಲಕೋಟೆಯ ಸುತ್ತಣ ಹಳ್ಳಿಗಳಲ್ಲಿಯಾಗಲಿ ಈ ಮಾತನ್ನು ಕೇಳದ ಓಣಿ ಇಲ್ಲ.

ಇಂತಹ ಮೌನಿಯಾದ ಬೇನೆಯನ್ನು ಮನುಷ್ಯನು ಹೇಗೆ ಅರಿತನು? ಉಪಕರಣಗಳಿಂದ ಅರಿತನೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಅರ್ಧ ಮಾತ್ರ ನಿಜ. ಉಪಕರಣವು ಒಂದು ಗಳಿಗೆಯ ಅಂಕಿಯನ್ನು ಕೊಡುತ್ತದೆ. ಆ ಅಂಕಿಯ ಅರ್ಥವನ್ನು ಕೊಟ್ಟವು ವರ್ಷಾನುವರ್ಷ ತುಂಬಿದ ದಫ್ತರಗಳು. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ವಿಶೇಷವಾಗಿ ಆ ದಫ್ತರಗಳ ಕಥೆಯನ್ನು. ಹಾಜರಿ ಪುಸ್ತಕವನ್ನೂ ಜನರಲ್ ರಜಿಸ್ಟರನ್ನೂ ಬರೆಯುತ್ತ ಆಯುಷ್ಯ ಕಳೆಯುವ ನಮ್ಮ ಶಿಕ್ಷಕ ಬಂಧುಗಳಿಗೆ ಇದು ಪರಕೀಯವೆನಿಸಲಾರದು.

ನಮ್ಮ ದೇಶದ ವೈದ್ಯರು ನಾಡಿಯನ್ನು ನೋಡುತ್ತ ಬಂದವರು. ಆದರೆ ಈ ಪದ್ಧತಿಯು ಅನೇಕರು ಭಾವಿಸಿರುವಷ್ಟು ಪುರಾತನವಾದುದಲ್ಲ. ಚರಕ ಸುಶ್ರುತರ ಸಂಹಿತೆಗಳಲ್ಲಿ ನಾಡೀಪರೀಕ್ಷೆಗೆ ಪ್ರತ್ಯೇಕವಾದ ಸ್ಥಾನವಿಲ್ಲ. ಅದು ಸ್ಪಷ್ಟವಾಗಿ ಕಾಣಬರುವುದು ಶಾರ್ಙ್ಗಧರ ಸಂಹಿತೆಯಲ್ಲಿ, ಎಂದರೆ ಹದಿಮೂರು ಹದಿನಾಲ್ಕನೆಯ ಶತಮಾನಗಳ ಸುಮಾರಿಗೆ. ಹೆಬ್ಬೆರಳಿನ ಬುಡದಲ್ಲಿ ಮಿಡಿಯುವ ಧಮನಿಯೇ ಜೀವಕ್ಕೆ ಸಾಕ್ಷಿಯೆಂದು ಆ ಗ್ರಂಥವು ಭಾವಿಸುತ್ತದೆ. ವಾತವು ಕೆರಳಿದಾಗ ನಾಡಿಯು ಜಿಗಣೆಯಂತೆ, ಹಾವಿನಂತೆ ಹರಿಯುವುದೆಂದೂ, ಪಿತ್ತದಲ್ಲಿ ಕಾಗೆಯಂತೆ, ಕಪ್ಪೆಯಂತೆ ಕುಪ್ಪಳಿಸುವುದೆಂದೂ, ಕಫದಲ್ಲಿ ಹಂಸದಂತೆ, ಪಾರಿವಾಳದಂತೆ ಮೆಲ್ಲನೆ ನಡೆಯುವುದೆಂದೂ ಅದರ ವರ್ಣನೆ. ಪ್ರಾಣಿಪಕ್ಷಿಗಳ ನಡಿಗೆಯನ್ನು ಬೆರಳ ತುದಿಯಲ್ಲಿ ಕಂಡ ಆ ಸೂಕ್ಷ್ಮತೆಗೆ ನಾವು ತಲೆದೂಗಲೇಬೇಕು. ಕನ್ನಡದಲ್ಲಿಯೂ ವೈದ್ಯಗ್ರಂಥಗಳಿಗೆ ಬರವಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನು ಅನುಸರಿಸಿ ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಆದರೆ ಈ ಗ್ರಂಥಗಳು ಹೇಳುವುದು ಲಕ್ಷಣವನ್ನು, ಔಷಧವನ್ನು. ಇಂಥ ಊರಿನ ಇಂಥವನ ನಾಡಿ ಹೋದ ವರ್ಷ ಹೇಗಿತ್ತು, ಈ ವರ್ಷ ಹೇಗಿದೆ ಎಂಬುದನ್ನಲ್ಲ. ಅದು ವೈದ್ಯನ ನೆನಪಿನಲ್ಲಿ ಇರುತ್ತಿತ್ತು. ವೈದ್ಯನು ತೀರಿದಾಗ ಆ ನೆನಪೂ ತೀರುತ್ತಿತ್ತು.

ನಾಡಿಯನ್ನು ಎಣಿಸುವ ವಿಚಾರ ಯುರೋಪಿನಲ್ಲಿ ಬೇರೂರಿದ್ದು ಹದಿನೇಳನೆಯ ಶತಮಾನದಲ್ಲಿ. ಇಟಲಿಯ ಸಾಂಟೋರಿಯೊ ಎಂಬ ವೈದ್ಯನು ದಾರಕ್ಕೆ ಗುಂಡು ಕಟ್ಟಿದ ಲೋಲಕದಿಂದ ನಾಡಿಯ ವೇಗವನ್ನು ಅಳೆದನು. ೧೬೨೮ರಲ್ಲಿ ವಿಲಿಯಂ ಹಾರ್ವೆಯು ರಕ್ತವು ದೇಹದಲ್ಲಿ ಸುತ್ತುತ್ತದೆಂಬುದನ್ನು ಸಿದ್ಧಪಡಿಸಿದನು. ೧೭೦೭ರಲ್ಲಿ ಜಾನ್ ಫ್ಲಾಯರನು ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಮಾಡಿಸಿ ನಾಡಿಯನ್ನು ಅಂಕಿಯಲ್ಲಿ ಬರೆಯುವ ಪಾಠ ಹೇಳಿಕೊಟ್ಟನು. ಹಾವು ಹಂಸಗಳು ಹೋಗಿ ಎಪ್ಪತ್ತೆರಡು, ಎಂಬತ್ತು, ತೊಂಬತ್ತು ಬಂದವು. ಕಾವ್ಯಕ್ಕೆ ನಷ್ಟವಾಯಿತೆನ್ನಿ, ಆದರೆ ಇಂದಿನದನ್ನು ನಾಳಿನದರೊಡನೆ ಹೋಲಿಸಲು ಸಾಧ್ಯವಾಯಿತು.

ಒತ್ತಡವನ್ನು ಮೊದಲು ಅಳೆದವನು ವೈದ್ಯನೂ ಅಲ್ಲ. ಲಂಡನ್ನಿನ ಬಳಿಯ ಟೆಡಿಂಗ್ಟನ್ ಎಂಬ ಗ್ರಾಮದಲ್ಲಿ ಪಾದ್ರಿಯಾಗಿದ್ದ ಸ್ಟೀಫನ್ ಹೇಲ್ಸನು ಒಂದು ಹೆಣ್ಣು ಕುದುರೆಯನ್ನು ಮಲಗಿಸಿ ಕಟ್ಟಿ, ಅದರ ತೊಡೆಯ ಧಮನಿಗೆ ಹಿತ್ತಾಳೆಯ ಕೊಳವೆಯನ್ನು ತೂರಿಸಿ, ಅದಕ್ಕೆ ಒಂಬತ್ತು ಅಡಿಯ ಗಾಜಿನ ನಳಿಗೆಯನ್ನು ಜೋಡಿಸಿದನು. ರಕ್ತವು ಆ ನಳಿಗೆಯಲ್ಲಿ ೮ ಅಡಿ ೩ ಅಂಗುಲ ಎತ್ತರಕ್ಕೆ ಏರಿ, ಎದೆಯ ಪ್ರತಿಯೊಂದು ಬಡಿತಕ್ಕೂ ಮೇಲೆ ಕೆಳಗೆ ಆಡತೊಡಗಿತು. ೧೭೩೩ರಲ್ಲಿ ಆತನು ಇದನ್ನು ಪ್ರಕಟಿಸಿದನು. ಪಾಪ, ಆ ಕುದುರೆ ಬದುಕಲಿಲ್ಲ. ಹೇಲ್ಸನ ರೀತಿಯಿಂದ ಮನುಷ್ಯನ ಒತ್ತಡವನ್ನು ಅಳೆಯುವಂತಿರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಇಲ್ಲಿ ಗಣಿತದ ಒಂದು ಮಾತನ್ನು ಸೇರಿಸುವೆವು. ಪಾದರಸವು ನೀರಿಗಿಂತ ೧೩.೬ ಪಟ್ಟು ಭಾರ. ಆದುದರಿಂದ ನಾವು ಇಂದು ‘೧೨೦’ ಎನ್ನುವ ಒತ್ತಡ, ಎಂದರೆ ೧೨೦ ಮಿಲಿಮೀಟರ್ ಪಾದರಸ, ನೀರಿನ ಕಂಬವಾದರೆ ೧೬೩ ಸೆಂಟಿಮೀಟರ್ ಆಗುತ್ತದೆ. ನಮ್ಮ ನಿಮ್ಮ ಎದೆಯೊಳಗಿನ ಮುಷ್ಟಿಯಷ್ಟು ಮಾಂಸವು ಪ್ರತಿ ಬಡಿತಕ್ಕೂ ಒಬ್ಬ ಮನುಷ್ಯನ ಎತ್ತರಕ್ಕೆ ನೀರನ್ನು ಚಿಮ್ಮಿಸಬಲ್ಲ ಬಲವನ್ನು ತೋರುತ್ತಿದೆ. ಏಳನೆಯ ಇಯತ್ತೆಯ ಮಕ್ಕಳಿಗೆ ಈ ಲೆಕ್ಕವನ್ನು ಧಾರಾಳವಾಗಿ ಕೊಡಬಹುದು.

ಹೇಲ್ಸನ ತರುವಾಯ ನೂರಾ ಅರವತ್ತು ವರ್ಷಗಳಲ್ಲಿ ಹಲವರು ಹಲವು ಬಗೆಯ ಯಂತ್ರಗಳನ್ನು ಮಾಡಿದರು. ಅವೆಲ್ಲವೂ ಭಾರವಾದವು, ಇಲ್ಲವೆ ಜಟಿಲವಾದವು. ೧೮೯೬ರಲ್ಲಿ ಇಟಲಿಯ ಟುರಿನ್ ನಗರದ ಸ್ಕಿಪಿಯೋನೆ ರಿವಾ-ರೊಚ್ಚಿ ಎಂಬ ವೈದ್ಯನು ಸೈಕಲ್ಲಿನ ಒಳಗಾಲಿಯ ರಬ್ಬರು, ಒಂದು ಮಸಿಕುಡಿಕೆ, ತಾಮ್ರದ ಕೊಳವೆ, ಪಾದರಸ — ಇಂತಹ ಸಾಮಾನುಗಳಿಂದಲೇ ಈಗಿನ ಉಪಕರಣದ ಮೂಲರೂಪವನ್ನು ಕಟ್ಟಿದನು. ತೋಳಿಗೆ ರಬ್ಬರಿನ ಪಟ್ಟಿಯನ್ನು ಸುತ್ತಿ ಗಾಳಿ ತುಂಬುವುದು, ಮಣಿಕಟ್ಟಿನ ನಾಡಿ ನಿಂತುಹೋದ ಕ್ಷಣದಲ್ಲಿ ಪಾದರಸದ ಎತ್ತರವನ್ನು ಓದುವುದು, ಇಷ್ಟೇ ಅದರ ವಿಧಾನ. ಮೇಲಿನ ಅಂಕಿ ದೊರೆಯಿತು, ಕೆಳಗಿನದು ದೊರೆಯಲಿಲ್ಲ. ಅದನ್ನು ಕೊಟ್ಟವನು ರಷಿಯಾದ ನಿಕೊಲಾಯ್ ಕೊರೊಟ್ಕಾಫ್. ರಷಿಯಾ-ಜಪಾನು ಯುದ್ಧದಲ್ಲಿ ಗಾಯಾಳು ಸೈನಿಕರ ಧಮನಿಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಈ ತರುಣ ಶಸ್ತ್ರವೈದ್ಯನು ಗಾಯದ ಬಳಿ ರಕ್ತದ ಸಪ್ಪಳವನ್ನು ಆಲಿಸುವುದನ್ನು ರೂಢಿ ಮಾಡಿಕೊಂಡಿದ್ದನು. ೧೯೦೫ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಮೊಣಕೈಯ ಒಳಭಾಗದಲ್ಲಿ ಕೊಳವೆಯಿಟ್ಟು ಕೇಳಿದರೆ ಗಾಳಿ ಇಳಿಯುತ್ತಿರುವಾಗ ಮೊದಲ ಸಪ್ಪಳ ಕೇಳುವುದು ಮೇಲಿನ ಒತ್ತಡವೆಂದೂ, ಸಪ್ಪಳವು ಅಡಗುವುದು ಕೆಳಗಿನದೆಂದೂ ಆತನು ತಿಳಿಸಿದನು. ಆ ವರದಿ ಮುನ್ನೂರು ಶಬ್ದಗಳನ್ನೂ ಮೀರಿರಲಿಲ್ಲ. ದೊಡ್ಡ ಸಂಗತಿಗೆ ದೊಡ್ಡ ಲೇಖನ ಬೇಕೆಂದು ನಂಬಿರುವ ನಮ್ಮ ಬರಹಗಾರರು ಇದನ್ನು ಗಮನಿಸಬಹುದು!

ಅಂಕಿ ಎರಡೂ ದೊರೆತವು. ಆದರೆ ಅವುಗಳಿಂದ ಮಾಡುವುದೇನು? ೧೬೦ ಒಳ್ಳೆಯದೋ ಕೆಟ್ಟದೋ? ವೈದ್ಯರಲ್ಲಿ ಒಮ್ಮತವಿರಲಿಲ್ಲ. ವಯಸ್ಸಾದಂತೆ ಧಮನಿಗಳು ಬಿರುಸಾಗುವವು, ಆದಕಾರಣ ಒತ್ತಡವು ಏರಲೇಬೇಕು, ಅದನ್ನು ಇಳಿಸಿದರೆ ಮಿದುಳಿಗೆ ರಕ್ತ ಸಾಲದಾದೀತೆಂದು ಹೆಸರಾಂತ ತಜ್ಞರೂ ನಂಬಿದ್ದರು. ಇಂಗ್ಲಿಷಿನಲ್ಲಿ ಈ ವ್ಯಾಧಿಗೆ ಬಿದ್ದ ಹೆಸರಿಗೇ ‘ಅವಶ್ಯಕವಾದ ಒತ್ತಡ’ ಎಂಬ ಧ್ವನಿಯಿದೆ. ವಿಚಿತ್ರವೆಂದರೆ ಈ ಅಂಕಿಗಳ ಬೆಲೆಯನ್ನು ಮೊದಲು ಅರಿತವರಲ್ಲಿ ಅಮೇರಿಕದ ವಿಮಾ ಕಂಪನಿಗಳು ಸೇರಿವೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಿಂದಲೇ ಅವು ವಿಮೆಗೆ ಬಂದವರ ಒತ್ತಡವನ್ನು ಬರೆದಿಡತೊಡಗಿದವು. ಯಾರು ಎಂದು ಸತ್ತರೆಂಬುದೂ ಅವುಗಳ ದಫ್ತರದಲ್ಲಿ ಇದ್ದೇ ಇತ್ತು. ಎರಡನ್ನೂ ಕೂಡಿಸಿ ನೋಡಿದಾಗ ಒತ್ತಡ ಏರಿದವರು ಬೇಗ ಸಾಯುತ್ತಾರೆಂಬುದು ಲೆಕ್ಕಿಗರಿಗೆ ಸ್ಪಷ್ಟವಾಯಿತು. ಕರುಣೆಯು ಕಾಣದುದನ್ನು ವ್ಯಾಪಾರವು ಕಂಡಿತು.

ಆದರೆ ಬರೆದಿಟ್ಟರಷ್ಟೇ ಸಾಲದು, ಓದಬೇಕು. ಇದಕ್ಕೆ ಅಮೇರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರಿಗಿಂತ ದೊಡ್ಡ ನಿದರ್ಶನವಿಲ್ಲ. ಅವರ ಒತ್ತಡವು ೧೯೩೫ರಲ್ಲಿ ೧೩೬/೭೮ ಇತ್ತು. ೧೯೩೭ರಲ್ಲಿ ೧೬೨/೯೮, ೧೯೪೦ರಲ್ಲಿ ೧೭೮/೮೮, ೧೯೪೧ರಲ್ಲಿ ೧೮೮/೧೦೫ ಎಂದು ದಾಖಲೆಯಾಯಿತು. ಪ್ರತಿಯೊಂದು ಸಲವೂ ವೈದ್ಯರು ಅಳೆದರು, ಪ್ರತಿಯೊಂದು ಸಲವೂ ಬರೆದರು. ಅಧ್ಯಕ್ಷರ ಆರೋಗ್ಯವು ವಯಸ್ಸಿಗೆ ತಕ್ಕಂತಿದೆಯೆಂದು ಲೋಕಕ್ಕೆ ಸಾರಿದರು. ೧೯೪೪ರ ಮಾರ್ಚಿಯಲ್ಲಿ ಹೋವರ್ಡ್ ಬ್ರೂಯೆನ್ ಎಂಬ ತರುಣ ಹೃದಯತಜ್ಞನು ಪರೀಕ್ಷಿಸಿದಾಗ ಹೃದಯವು ಆಗಲೇ ಸೋಲತೊಡಗಿತ್ತು. ೧೯೪೫ರ ಏಪ್ರಿಲ್ ೧೨ರಂದು ಅಧ್ಯಕ್ಷರು ತಲೆನೋವೆಂದರು. ಒತ್ತಡವು ೩೦೦/೧೯೦ಕ್ಕೆ ಏರಿತ್ತು. ಅಂದೇ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಜಗತ್ತಿನ ಅತ್ಯಂತ ಬಲಿಷ್ಠ ರಾಷ್ಟ್ರದ ಮುಖ್ಯಸ್ಥನ ಮರಣವು ಹತ್ತು ವರ್ಷಗಳಿಂದ ಕಾಗದದ ಮೇಲೆ ಬರೆಯಲ್ಪಡುತ್ತಿದ್ದು, ಯಾರೂ ಅದನ್ನು ಒಂದೇ ಸಾಲಿನಲ್ಲಿಟ್ಟು ನೋಡಿರಲಿಲ್ಲ. ನೋಡಿದ್ದರೂ ಕೊಡಲು ಆಗ ಒಳ್ಳೆಯ ಔಷಧಗಳಿರಲಿಲ್ಲವೆಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು.

ಔಷಧದ ವಿಷಯ ಬಂದುದರಿಂದ ಒಂದು ಅಭಿಮಾನದ ಸಂಗತಿಯನ್ನು ಹೇಳಿಬಿಡುವೆವು. ನಮ್ಮ ಹಳ್ಳಿಯ ವೈದ್ಯರಿಗೆ ಪರಿಚಿತವಾದ ಸರ್ಪಗಂಧಿಯ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು ಮುಂಬಯಿಯ ಡಾ. ರುಸ್ತುಮ್ ಜಾಲ್ ವಕೀಲರು ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ ೧೯೪೯ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಆ ಬೇರಿನಿಂದ ರಿಸರ್ಪಿನ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಇಂದು ಅದರ ಬಳಕೆ ಬಹಳ ಕಡಿಮೆಯಾಗಿ ಉತ್ತಮವಾದ ಗುಳಿಗೆಗಳು ಬಂದಿವೆ. ೧೯೬೭ರಲ್ಲಿ ಅಮೇರಿಕದ ಎಡ್ವರ್ಡ್ ಫ್ರೈಸರ ತಂಡವು, ಅತಿಯಾದ ಒತ್ತಡವಿದ್ದ ೧೪೩ ಜನರಲ್ಲಿ ಕೆಲವರಿಗೆ ಔಷಧವನ್ನೂ ಕೆಲವರಿಗೆ ಬರಿಯ ಹುಸಿಗುಳಿಗೆಯನ್ನೂ ಕೊಟ್ಟು ನೋಡಿ, ಒತ್ತಡವನ್ನು ಇಳಿಸಿದರೆ ಪ್ರಾಣ ಉಳಿಯುತ್ತದೆಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಿತು.

ಇನ್ನು ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ವಿಷಯ. ರೂಸ್‌ವೆಲ್ಟರು ತೀರಿದ ಮೂರು ವರ್ಷಗಳಿಗೆ, ೧೯೪೮ರಲ್ಲಿ, ಅಮೇರಿಕದ ಸರಕಾರವು ಹೃದ್ರೋಗದ ಸಂಶೋಧನೆಗಾಗಿ ಕಾಯಿದೆ ಮಾಡಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ಪ್ರಾಂತದ ಈ ಸಾಮಾನ್ಯ ಪಟ್ಟಣದಲ್ಲಿ ೩೦ರಿಂದ ೬೨ ವಯಸ್ಸಿನ ೫,೨೦೯ ಗಂಡಸರು ಹೆಂಗಸರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುವ ಕಾರ್ಯ ಆರಂಭವಾಯಿತು. ಹೊಸತನವಿದ್ದುದು ಇಲ್ಲಿ: ರೋಗಿಗಳನ್ನಲ್ಲ, ಆರೋಗ್ಯವಂತರನ್ನು ಕರೆದರು. ಅವರಿಗೆ ಔಷಧ ಕೊಡಲಿಲ್ಲ. ಅಳೆದರು, ಬರೆದರು, ಕಾದರು. ಹತ್ತು ಹನ್ನೆರಡು ವರ್ಷ ಕಾದ ಮೇಲೆ ೧೯೬೧ರಲ್ಲಿ ವಿಲಿಯಂ ಕ್ಯಾನೆಲ್ಲರೂ ಸಂಗಡಿಗರೂ ಏರಿದ ಒತ್ತಡ, ರಕ್ತದ ಕೊಲೆಸ್ಟರಾಲು ಮುಂತಾದವು ಹೃದಯಾಘಾತಕ್ಕೆ ಮುಂಗಾಣಿಕೆಗಳೆಂದು ಸಾರಿದರು. ‘ಅಪಾಯದ ಅಂಶಗಳು’ ಎಂದು ಇಂದು ಪ್ರತಿಯೊಬ್ಬ ವೈದ್ಯನ ಬಾಯಲ್ಲಿರುವ ಮಾತನ್ನು ವೈದ್ಯಲೋಕದಲ್ಲಿ ರೂಢಿಗೆ ತಂದುದು ಆ ಊರಿನ ದಫ್ತರ. ೧೯೭೧ರಲ್ಲಿ ಅವರ ಮಕ್ಕಳನ್ನೂ ೨೦೦೨ರಲ್ಲಿ ಮೊಮ್ಮಕ್ಕಳನ್ನೂ ಅದರಲ್ಲಿ ಸೇರಿಸಿಕೊಂಡರು.

ಆದರೆ ಬೆಣ್ಣೆ ಮಾಂಸಗಳನ್ನುಂಡು ಬೆಳೆದ ಬಿಳಿಯರ ಲೆಕ್ಕವು ಜೋಳದ ರೊಟ್ಟಿಯನ್ನುಂಡು ಬೆಳೆದ ನಮಗೆ ಎಷ್ಟು ಅನ್ವಯಿಸೀತು? ಈ ಪ್ರಶ್ನೆಗೆ ಉತ್ತರದ ಒಂದು ಭಾಗವು ದೊರೆತುದು ನಮ್ಮ ಮೈಸೂರಿನಲ್ಲಿ. ಆ ಕಥೆ ಆರಂಭವಾಗುವುದು ಮಾತ್ರ ಇಂಗ್ಲೆಂಡಿನಲ್ಲಿ. ಅಲ್ಲಿಯ ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ ೧೯೧೧ರಿಂದ ಸೂಲಗಿತ್ತಿಯರೂ ಆರೋಗ್ಯ ಸಂದರ್ಶಕಿಯರೂ ಹುಟ್ಟಿದ ಪ್ರತಿಯೊಂದು ಶಿಶುವಿನ ತೂಕವನ್ನೂ, ಒಂದು ವರ್ಷ ತುಂಬಿದಾಗಿನ ತೂಕವನ್ನೂ ಲೆಡ್ಜರುಗಳಲ್ಲಿ ಬರೆದಿಡುತ್ತಿದ್ದರು. ಡೇವಿಡ್ ಬಾರ್ಕರ್ ಎಂಬ ವೈದ್ಯರು ಆ ಲೆಡ್ಜರುಗಳನ್ನು ಹುಡುಕಿ ತೆಗೆದು, ಅವುಗಳಲ್ಲಿದ್ದ ೫,೬೫೪ ಗಂಡಸರ ಮುಂದಿನ ಬದುಕನ್ನು ಪತ್ತೆಹಚ್ಚಿದರು. ಶಿಶುವಾಗಿದ್ದಾಗ ತೂಕ ಕಡಿಮೆಯಿದ್ದವರೇ ಹೃದಯದ ಬೇನೆಯಿಂದ ಹೆಚ್ಚಾಗಿ ಸತ್ತಿದ್ದರೆಂದು ೧೯೮೯ರಲ್ಲಿ ಪ್ರಕಟವಾಯಿತು. ಅನೇಕರು ಇದನ್ನು ನಂಬಲಿಲ್ಲ. ಬೇರೆ ದೇಶದಲ್ಲಿ, ಬೇರೆ ಆಹಾರದ, ಬೇರೆ ಬಡತನದ ಜನರಲ್ಲಿ ಇದು ನಿಜವೋ? ತೀರ್ಮಾನಿಸಬೇಕಾದರೆ ಐವತ್ತು ವರ್ಷಗಳ ಹಿಂದಿನ ಜನನ ತೂಕಗಳು ಬೇಕು. ಭಾರತದಲ್ಲಿ ಅಂಥದನ್ನು ಯಾರು ಇಟ್ಟಿರುತ್ತಾರೆ?

ಇಟ್ಟಿದ್ದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು, ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವುದು, ೧೯೦೬ರಲ್ಲಿ ಆರಂಭವಾದ ಹಳೆಯ ಸಂಸ್ಥೆ. ಅಲ್ಲಿಯ ಹೆರಿಗೆಯ ವಾರ್ಡಿನಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ — ಮೂರನ್ನೂ ಬರೆದ ದಾಖಲೆಗಳು ಉಳಿದುಬಂದಿದ್ದವು. ತೂಕವು ಪೌಂಡುಗಳಲ್ಲಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದ ಕಾಲವದು. ರಾತ್ರಿಪಾಳಿಯಲ್ಲಿ ದೀಪದ ಬೆಳಕಿನಲ್ಲಿ ತಕ್ಕಡಿಯ ಮುಳ್ಳನ್ನು ನೋಡಿ ಅಂಕಿ ಬರೆದ ದಾದಿಯರಿಗೆ, ಇದು ಅರವತ್ತು ವರ್ಷಗಳ ಮೇಲೆ ಯಾರಿಗೋ ಬೇಕಾದೀತೆಂಬ ಕಲ್ಪನೆ ಇರಲು ಸಾಧ್ಯವಿಲ್ಲ. ಬರೆಯುವುದು ಕರ್ತವ್ಯವಾಗಿತ್ತು, ಬರೆದರು. ಒಂದು ದಿನ ಬೇಸರದಿಂದ ಅಂದಾಜಿನ ಅಂಕಿಯನ್ನು ತುಂಬಿದ್ದರೂ ಆ ದಿನ ಕೇಳುವವರು ಯಾರಿರಲಿಲ್ಲ. ನಮ್ಮ ವೃತ್ತಿಯವರು ಈ ಮಾತಿನ ತೂಕವನ್ನು ಬಲ್ಲರು.

ಬಾರ್ಕರರ ಬಳಗದ ಡಾ. ಕ್ಯಾರೊಲಿನ್ ಫಾಲ್ ಅವರೂ ಮೈಸೂರಿನ ವೈದ್ಯರೂ ಕೂಡಿ ಆ ದಾಖಲೆಗಳನ್ನು ಕೈಗೆತ್ತಿಕೊಂಡರು. ಹುಟ್ಟಿದ ಗಳಿಗೆಯಲ್ಲಿ ಮಗುವಿಗೆ ಹೆಸರಿರುವುದಿಲ್ಲ. ‘ಇಂಥವಳ ಗಂಡು ಮಗು’, ‘ಇಂಥವಳ ಹೆಣ್ಣು ಮಗು’ ಎಂದಷ್ಟೇ ಇರುತ್ತದೆ. ಅಂತಹ ಶಿಶುವನ್ನು ಐವತ್ತರ ಗೃಹಸ್ಥನಲ್ಲಿ ಗುರುತಿಸುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಊಹಿಸಿಕೊಳ್ಳಬಹುದು. ಆದರೂ ೧೯೩೪ರಿಂದ ೧೯೫೪ರ ವರೆಗೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಆಸುಪಾಸಿನಲ್ಲಿಯೇ ವಾಸವಾಗಿದ್ದ ೫೧೭ ಗಂಡಸರು ಹೆಂಗಸರು ದೊರೆತರು. ಅವರ ಹೃದಯವನ್ನು ಪರೀಕ್ಷಿಸಲಾಯಿತು. ೧೯೯೬ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂದಿತು: ಹುಟ್ಟುವಾಗ ಐದೂವರೆ ಪೌಂಡು, ಎಂದರೆ ೨.೫ ಕಿಲೊ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಹೃದಯದ ಧಮನಿಗಳ ಬೇನೆ ನೂರಕ್ಕೆ ೧೧ ಜನರಲ್ಲಿದ್ದರೆ, ಏಳು ಪೌಂಡಿಗೂ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩ ಜನರಲ್ಲಿ ಮಾತ್ರ ಇತ್ತು.

ಇದರಿಂದ ಎಲ್ಲವೂ ಬಗೆಹರಿಯಿತೆಂದು ಹಿಗ್ಗಬಾರದು. ಅದೇ ಮೈಸೂರಿನ ಜನರ ರಕ್ತದೊತ್ತಡವನ್ನೂ ಧಮನಿಗಳ ಬಿರುಸನ್ನೂ ಅಳೆದು ನೋಡಿದಾಗ, ಅವುಗಳಿಗೂ ಜನನಕಾಲದ ತೂಕಕ್ಕೂ ಸಂಬಂಧವೇ ಕಾಣಲಿಲ್ಲ. ಇದು ೨೦೦೦ದಲ್ಲಿ ಪ್ರಕಟವಾಯಿತು. ಸಕ್ಕರೆಬೇನೆಯಂತೂ ಬೇರೆಯೇ ದಾರಿ ತೋರಿಸಿತು: ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ, ಭಾರವಾದ ತಾಯಂದಿರಿಗೆ ಹುಟ್ಟಿದವರಲ್ಲಿ ಅದು ಹೆಚ್ಚಾಗಿತ್ತು. ಇಂಗ್ಲೆಂಡಿನ ಪಾಠವು ಮೈಸೂರಿನಲ್ಲಿ ಒಂದು ಪುಟ ಒಪ್ಪಿತು, ಒಂದು ಪುಟ ಒಪ್ಪಲಿಲ್ಲ. ನಮ್ಮ ಜನರ ದಫ್ತರ ನಮ್ಮಲ್ಲಿಯೇ ಇರಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಿಲ್ಲ.

ಹಳೆಯ ದಾಖಲೆಗಳನ್ನು ಶೋಧಿಸಿದವರು ಹೊಸದನ್ನೂ ಆರಂಭಿಸಿದರು. ೧೯೯೭-೯೮ರಲ್ಲಿ ಅದೇ ಆಸ್ಪತ್ರೆಗೆ ಬಂದ ೮೩೦ ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಎಂಬ ಹೆಸರಿನ ಅಧ್ಯಯನ ಪ್ರಾರಂಭವಾಯಿತು. ಆ ತಾಯಂದಿರ ಮಕ್ಕಳನ್ನು ಹುಟ್ಟಿದಂದಿನಿಂದ ಅಳೆಯುತ್ತ ಬಂದು, ಒಂಬತ್ತೂವರೆ, ಹದಿಮೂರೂವರೆ ವಯಸ್ಸುಗಳಲ್ಲಿ ರಕ್ತದೊತ್ತಡ ಸಕ್ಕರೆಗಳನ್ನೂ ನೋಡಿದರು. ಡಾ. ಜಿ. ವಿ. ಕೃಷ್ಣವೇಣಿಯವರು ಈ ಕಾರ್ಯದಲ್ಲಿ ಬಹುಕಾಲ ದುಡಿದವರು. ನಮ್ಮ ಮಹಾರಾಷ್ಟ್ರದಲ್ಲಿಯೂ ಪುಣೆಯ ಬಳಿಯ ಆರು ಹಳ್ಳಿಗಳಲ್ಲಿ ೧೯೯೩ರಿಂದ ಡಾ. ಚಿತ್ತರಂಜನ ಯಾಜ್ಞಿಕರ ನೇತೃತ್ವದಲ್ಲಿ ತಾಯಿ ಮಕ್ಕಳ ಇಂತಹದೇ ಅಧ್ಯಯನ ನಡೆದುಬಂದಿದೆ.

ನಮ್ಮ ಜಿಲ್ಲೆಯೂ ದಫ್ತರದ ವಿಷಯದಲ್ಲಿ ಬಡವಾಗಿಲ್ಲ. ಹೃದಯದ ಬೇನೆಗಲ್ಲವಾದರೂ ಅರ್ಬುದ ರೋಗಕ್ಕೆ, ಭಾರತದ ಹಳ್ಳಿಗಳಿಗೆಂದೇ ಏರ್ಪಟ್ಟ ಮೊದಲ ನೋಂದಣಿಯು ೧೯೮೭ರಲ್ಲಿ ಆರಂಭವಾದುದು ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ರೋಗಿಯು ದವಾಖಾನೆಗೆ ಬರಲೆಂದು ಕಾಯದೆ, ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ಜನರೊಡನೆ ಮಾತನಾಡಿ ರೋಗಲಕ್ಷಣವುಳ್ಳವರನ್ನು ಹುಡುಕುವ ರೀತಿ ಅಲ್ಲಿ ಬೆಳೆಯಿತು. ಹಳ್ಳಿಯಲ್ಲಿ ಲೆಕ್ಕವಿಡಲಾಗದೆಂಬ ಪಟ್ಟಣದವರ ಮಾತು ಅಲ್ಲಿಗೆ ಸುಳ್ಳಾಯಿತು.

ರಕ್ತದೊತ್ತಡದ ಮಟ್ಟಿಗೆ ಈಗ ಊರೂರಲ್ಲಿ ನಡೆದಿರುವುದೇನೆಂದರೆ: ಮೂವತ್ತು ವಯಸ್ಸು ದಾಟಿದ ಪ್ರತಿಯೊಬ್ಬರ ಮನೆಗೂ ಆಶಾ ಕಾರ್ಯಕರ್ತೆಯು ಬಂದು ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ಶರೀರಶ್ರಮ, ವಂಶದಲ್ಲಿಯ ಬೇನೆ ಇವುಗಳನ್ನು ಕೇಳಿ ಅಂಕ ಹಾಕುತ್ತಾಳೆ, ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರನ್ನು ಮೊದಲು ಪರೀಕ್ಷೆಗೆ ಕಳಿಸುತ್ತಾಳೆ. ೨೦೧೭ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯ, ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ, ರಾಜ್ಯ ಸರಕಾರಗಳು ಮತ್ತು ವಿಶ್ವ ಆರೋಗ್ಯ ಸಂಸ್ಥೆ ಕೂಡಿ ರಕ್ತದೊತ್ತಡ ನಿಯಂತ್ರಣದ ಯೋಜನೆಯನ್ನು ಆರಂಭಿಸಿದಾಗ, ಮೊದಲ ಐದು ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದಾಗಿತ್ತು. ಅದರ ಜೀವಾಳವು ಒಂದು ಚೀಟಿ. ರೋಗಿಯ ಕೈಯಲ್ಲಿ ಒಂದು ಕಾರ್ಡು, ದವಾಖಾನೆಯಲ್ಲಿ ಅದಕ್ಕೆ ಸರಿಹೊಂದುವ ದಾಖಲೆ, ತಿಂಗಳ ಗುಳಿಗೆ, ತಿಂಗಳ ಅಂಕಿ, ಬಾರದವರಿಗೆ ಕರೆ. ೨೦೨೨ರಲ್ಲಿ ಈ ಯೋಜನೆಗೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂದಿತು. ಗುಳಿಗೆಯು ಹೊಸದಲ್ಲ, ಪಟ್ಟಿಯೂ ಹೊಸದಲ್ಲ. ಬಾರದವನು ಯಾರೆಂದು ಹಾಜರಿ ತೆಗೆಯುವುದೇ ಹೊಸದು.

ಆದರೆ ಗಡಿಭಾಗದಲ್ಲಿ ಈ ಹಾಜರಿಗೆ ಒಂದು ತೊಡಕಿದೆ. ಅಕ್ಕಲಕೋಟೆ ತಾಲೂಕಿನವರು ಇಂದು ಸೊಲ್ಲಾಪುರದ ಸರಕಾರಿ ದವಾಖಾನೆಗೆ ಹೋದರೆ, ನಾಳೆ ಬೀಗರ ಮಾತು ಕೇಳಿ ರೈಲು ಹತ್ತಿ ಕಲಬುರಗಿಗೆ ಹೋಗುತ್ತಾರೆ. ಅಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯಿದೆ. ಕಬ್ಬಿನ ಕಟಾವಿಗೆ, ಇಟ್ಟಂಗಿ ಭಟ್ಟಿಗೆ ಹೋದವರು ಆರು ತಿಂಗಳು ಎಲ್ಲಿಯೂ ತೋರಿಸುವುದಿಲ್ಲ. ಒಬ್ಬನೇ ಮನುಷ್ಯನ ಅಂಕಿಗಳು ನಾಲ್ಕು ಊರಿನ ನಾಲ್ಕು ಚೀಟಿಗಳಲ್ಲಿ ಹಂಚಿಹೋಗುತ್ತವೆ. ಒಂದು ಚೀಟಿ ಮರಾಠಿಯಲ್ಲಿ, ಒಂದು ಇಂಗ್ಲಿಷಿನಲ್ಲಿ; ಅಜ್ಜಿಗೆ ಬರುವುದು ಕನ್ನಡ, ಅದೂ ಮಾತು ಮಾತ್ರ. ರೂಸ್‌ವೆಲ್ಟರ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟು ನೋಡಿದವರಿರಲಿಲ್ಲವೆಂದು ಮೇಲೆ ಹೇಳಿದೆವು. ಆ ಅಜ್ಜಿಯ ಅಂಕಿಗಳನ್ನಾದರೂ ಸಾಲಿನಲ್ಲಿ ಇಡುವವರು ಯಾರು?

ನಮಗೆ ತೋರುವುದು, ಶಾಲೆಗೆ ಹೋಗುವ ಮೊಮ್ಮಗಳು. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಮರಾಠಿಯನ್ನೂ ಓದಬಲ್ಲರು, ಇಂಗ್ಲಿಷಿನ ಅಂಕಿಗಳನ್ನೂ ಬಲ್ಲರು. ಚೀಟಿಗಳನ್ನೆಲ್ಲ ಕೂಡಿಸಿ, ತಾರೀಖು, ಮೇಲಿನ ಅಂಕಿ, ಕೆಳಗಿನ ಅಂಕಿ, ಗುಳಿಗೆಯ ಹೆಸರು ಇಷ್ಟನ್ನು ಒಂದು ವಹಿಯಲ್ಲಿ ಇಳಿಸುವುದು ಐದನೆಯ ಇಯತ್ತೆಯ ಮಗುವಿಗೂ ಸಾಧ್ಯ. ಆ ವಹಿಯನ್ನು ಯಾವ ಊರಿನ ವೈದ್ಯರ ಮುಂದಿಟ್ಟರೂ ಅವರು ಓದಬಲ್ಲರು. ಕೈಗೆ ಕಟ್ಟುವ ಗಡಿಯಾರವೇ ಈಗ ಹಸಿರು ಬೆಳಕಿನಿಂದ ನಾಡಿಯನ್ನು ಎಣಿಸಿ ತಾನೇ ಬರೆದಿಡುತ್ತದೆಂದು ಪಟ್ಟಣದ ಗೆಳೆಯರು ನಮಗೆ ಹೇಳಿಯಾರು. ನಾರ್ಮನ್ ಹೋಲ್ಟರನು ೧೯೪೦ರ ದಶಕದಲ್ಲಿ ಹೃದಯದ ಬಡಿತವನ್ನು ದಾಖಲಿಸಲು ಸುಮಾರು ೩೮ ಕಿಲೊ ಭಾರದ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕಾಗಿತ್ತು; ಅದು ಇಷ್ಟು ಹಗುರಾದುದು ಸಂತೋಷವೇ. ಆದರೆ ಅಂತಹ ಗಡಿಯಾರಗಳಲ್ಲಿ ಬಹುಪಾಲು ಎಣಿಸುವುದು ಬಡಿತವನ್ನು, ಒತ್ತಡವನ್ನಲ್ಲ. ಬೀಡಿ ಕಟ್ಟುವ ಕೈಗಳಿಗೆ ಅವು ಇನ್ನೂ ಬಂದೂ ಇಲ್ಲ.

ಒತ್ತಡವನ್ನು ಅಳೆಯಿಸಿಕೊಳ್ಳುವ ಕ್ರಮವನ್ನೂ ಮಕ್ಕಳಿಗೆ ಹೇಳಿಕೊಡಬೇಕು. ಓಡಿ ಬಂದು, ಚಹಾ ಕುಡಿದು, ಬೀಡಿ ಸೇದಿ ಒಡನೆಯೇ ತೋಳು ಚಾಚಬಾರದು, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂಡಬೇಕು, ತೋಳು ಎದೆಯ ಮಟ್ಟಕ್ಕಿರಬೇಕು, ಅಳೆಯುವಾಗ ಮಾತನಾಡಬಾರದು. ಒತ್ತಡವು ನಿದ್ರೆಯಲ್ಲಿ ಇಳಿದು ಮುಂಜಾನೆ ಏರುತ್ತದೆ, ವೈದ್ಯರ ಬಿಳಿ ಅಂಗಿಯನ್ನು ಕಂಡೇ ಏರುವವರೂ ಇದ್ದಾರೆ. ಆದುದರಿಂದ ಒಂದು ದಿನದ ೧೫೦ಕ್ಕೆ ಅಂಜಬೇಕಾಗಿಲ್ಲ, ಒಂದು ದಿನದ ೧೨೦ಕ್ಕೆ ಗುಳಿಗೆ ಬಿಡಲೂ ಕೂಡದು. ಬೇರೆ ಬೇರೆ ದಿನಗಳಲ್ಲಿ ಮೇಲೆ ಮೇಲೆ ೧೪೦/೯೦ನ್ನು ಮುಟ್ಟಿದರೆ ಅಥವಾ ಮೀರಿದರೆ ವೈದ್ಯರು ಒತ್ತಡವಿದೆಯೆಂದು ತೀರ್ಮಾನಿಸುತ್ತಾರೆ. ಉಪ್ಪಿನ ಮಾತೂ ಇಲ್ಲಿ ಬರುತ್ತದೆ. ದಿನಕ್ಕೆ ಐದು ಗ್ರಾಮಿಗಿಂತ, ಎಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಖಡಕ್ ರೊಟ್ಟಿಗೆ ಶೇಂಗಾ ಚಟ್ನಿಯನ್ನು ಮುಷ್ಟಿಗಟ್ಟಲೆ ಹಚ್ಚಿಕೊಳ್ಳುವ ಸೊಲ್ಲಾಪುರದವರಿಗೆ ಇದನ್ನು ಹೇಳುವುದು ಸುಲಭವಲ್ಲ, ನಮಗೂ ರುಚಿಸುವುದಿಲ್ಲ; ಆದರೂ ಹೇಳದಿರಲಾಗದು.

ಏಳನೆಯ ಇಯತ್ತೆಯ ಗಣಿತದಲ್ಲಿ ಆಲೇಖದ ಪಾಠವನ್ನು ಹೇಳುವಾಗ ಮಳೆಯ ಲೆಕ್ಕವನ್ನೋ ಕ್ರಿಕೆಟ್ಟಿನ ಓಟಗಳನ್ನೋ ತೆಗೆದುಕೊಳ್ಳುವುದು ವಾಡಿಕೆ. ಅದರ ಬದಲು ಮನೆಯಲ್ಲಿಯ ಹಿರಿಯರೊಬ್ಬರ ಒಂದು ವರ್ಷದ ಒತ್ತಡವನ್ನು ತೆಗೆದುಕೊಳ್ಳಬಹುದು. ಅಡ್ಡಗೆರೆಯ ಮೇಲೆ ಚೈತ್ರದಿಂದ ಫಾಲ್ಗುಣದ ವರೆಗಿನ ತಿಂಗಳುಗಳು, ನಿಂತ ಗೆರೆಯ ಮೇಲೆ ೬೦ರಿಂದ ೨೦೦, ಹತ್ತರ ಮನೆಗಳು. ೧೪೦ರಲ್ಲಿಯೂ ೯೦ರಲ್ಲಿಯೂ ಒಂದೊಂದು ಕೆಂಪು ಗೆರೆ. ಗುಳಿಗೆ ತಪ್ಪಿದ ತಿಂಗಳನ್ನು ಖಾಲಿ ಬಿಡಬೇಕು, ಅಕ್ಕಪಕ್ಕದ ಬಿಂದುಗಳನ್ನು ನೋಡಿ ಅಂದಾಜಿನಿಂದ ತುಂಬಬಾರದು. ಕಾಗದದ ಮೇಲೆ ಹಿರಿಯರ ಹೆಸರನ್ನು ಬರೆಯಿಸಬಾರದು, ಗೋಡೆಗೆ ಅಂಟಿಸಲೂ ಬಾರದು; ಶಾಲೆ ಬಿಟ್ಟ ಮೇಲೆ ಮಗುವು ಅದನ್ನು ಮಡಿಚಿ ಮನೆಗೆ ಒಯ್ದು ಆ ಹಿರಿಯರ ಕೈಯಲ್ಲಿಯೇ ಕೊಡತಕ್ಕದ್ದು.